ನಾಳೆ ಮಾಮ ಕಂಡ ಕುದುರೆ

ನಮ್ಮ ಬೀದಿಯ ದರ್ಜಿಯ ಅಂಗಡಿಗೆ ಒಂದು ಬೋರ್ಡಿತ್ತು. ಅದರ ಮೇಲೆ ಏನು ಬರೆದಿತ್ತು ಎಂದು ಕೇಳಿದರೆ ಗಿರಾಕಿಗಳಾದ ನಮ್ಮಲ್ಲಿ ಒಬ್ಬರಿಗೂ ಹೇಳಲು ಬಾರದು. ದರ್ಜಿಯನ್ನು ನಾವೆಲ್ಲ ಕರೆಯುತ್ತಿದ್ದದ್ದು ನಾಳೆ ಮಾಮ ಎಂದು.

"ಪ್ಯಾಂಟ್ ಆಯ್ತಾ ಮಾಮ?"

"ನಾಳೆ."

ನಲವತ್ತು ವರ್ಷಗಳಲ್ಲಿ ಅವರು ಬೇರೆ ದಿನ ಹೇಳಿದ್ದಿಲ್ಲ. ನಾಡಿದ್ದು ಎನ್ನುವುದರಲ್ಲಿ ಅಪಾಯವಿದೆ, ಅದು ಎಂದಾದರೊಂದು ದಿನ ಬಂದುಬಿಡುತ್ತದೆ. ನಾಳೆಗೆ ಆ ಚಟವಿಲ್ಲ. ಒಬ್ಬ ಮದುಮಗ ಅಣ್ಣನ ಕೋಟು ತೊಟ್ಟು ಮದುವೆಯಾದ. ಅವನದೇ ಕೋಟು ಸಿದ್ಧವಾಗಿ ಕೈಗೆ ಬರುವ ಹೊತ್ತಿಗೆ ಹೊಟ್ಟೆಯ ಹತ್ತಿರ ಗುಂಡಿ ಕೂಡಲಿಲ್ಲ. ಹೆಂಡತಿಯ ಕೈರುಚಿ ಅಷ್ಟು ಚೆನ್ನಾಗಿತ್ತು. ಆದರೂ ಅವನು ಮುಂದಿನ ಕೋಟನ್ನೂ ಮಾಮನಿಗೇ ಕೊಟ್ಟ. ಮಾಮ ಹೊಲಿದ ಕಾಲರು ಅದನ್ನು ತೊಟ್ಟ ಮನುಷ್ಯ ತಲೆ ತಗ್ಗಿಸಿದ ಮೇಲೂ ತಾನು ತಲೆಯೆತ್ತಿ ನಿಲ್ಲುತ್ತಿತ್ತು. ಅಂಥ ಕೈ.

ಕೈ ಅಂಥದಾದರೂ ಗಿರಾಕಿಯ ಕೋಪ ಕೋಪವೇ ತಾನೆ? ಅದಕ್ಕೆ ಮಾಮ ಕಂಡುಕೊಂಡ ಮದ್ದು ಚದುರಂಗ. ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿಯಲ್ಲಿ ಹಲಗೆ ಸದಾ ಹಾಸಿರುತ್ತಿತ್ತು. ಕಳೆದುಹೋದ ಬಿಳಿಯ ಆನೆಯ ಜಾಗದಲ್ಲಿ ಒಂದು ದಾರದ ಉಂಡೆ ನಿಂತಿತ್ತು. ಕಣ್ಣು ಕೆಂಪಗೆ ಮಾಡಿಕೊಂಡು ಒಳಗೆ ಬಂದವನನ್ನು ಮಾಮ ಸ್ಟೂಲಿನ ಮೇಲೆ ಕೂರಿಸಿ, ಹೊಲಿಗೆ ಯಂತ್ರ ಬಿಟ್ಟು ಏಳದೆಯೇ, "ನಿಮ್ಮ ನಡೆ" ಎನ್ನುತ್ತಿದ್ದರು. ಅರ್ಧ ಗಂಟೆ ಕಳೆಯುವುದರೊಳಗೆ ಅವನು ಬಂದದ್ದೇಕೆಂಬುದನ್ನೇ ಮರೆತು ಕುದುರೆಯ ಚಿಂತೆಯಲ್ಲಿ ಮುಳುಗಿರುತ್ತಿದ್ದ. ಹೀಗೆ, ಲೋಕದಲ್ಲಿ ರಾಜಮಹಾರಾಜರು ಪೋಷಿಸಿದ ಆಟ ನಮ್ಮ ಬೀದಿಯಲ್ಲಿ ತಡವಾದ ಪ್ಯಾಂಟುಗಳ ಆಶ್ರಯದಲ್ಲಿ ಬೆಳೆಯಿತು.

ಮಾಮ ಸೋಲುತ್ತಿರಲಿಲ್ಲ. ಗೆಲ್ಲಲು ಹೋಗುತ್ತಲೂ ಇರಲಿಲ್ಲ. "ಸೋತ ಗಿರಾಕಿ ಬಟ್ಟೆ ವಾಪಸ್ ಕೇಳ್ತಾನೆ, ಗೆದ್ದ ಗಿರಾಕಿ ಎದ್ದು ಹೋಗ್ತಾನೆ. ಡ್ರಾ ಆದೋನು ಇನ್ನೊಂದಾಟ ಅಂತ ಕೂತ್ಕೋತಾನೆ" ಎಂಬುದು ಅವರ ರಾಜನೀತಿ.

ಡ್ರಾ ಕೇಳುವುದಕ್ಕೆ ಅವರ ಅಂಗಡಿಯಲ್ಲಿ ಒಂದೇ ಮಾತು: "ಸಾಕಾ?" ಎದುರಿನವನು "ಸಾಕು" ಎಂದು ಕೈ ಕೊಟ್ಟರೆ ಆಟ ಮುಗಿಯಿತು. ಈ ಮಾತು ಹುಟ್ಟಿದ್ದು ಚದುರಂಗದ ಹಲಗೆಯ ಮೇಲಲ್ಲ, ಗುಂಡುಸೂಜಿಗಳ ನಡುವೆ. ಅಳತೆ ನೋಡುವಾಗ ಮಾಮನ ತುಟಿಗಳ ಮಧ್ಯೆ ಯಾವಾಗಲೂ ನಾಲ್ಕಾರು ಗುಂಡುಸೂಜಿಗಳಿರುತ್ತಿದ್ದವು. ಪ್ಯಾಂಟಿನ ಉದ್ದ ಮಡಿಸಿ ಹಿಡಿದು ಗಿರಾಕಿಯನ್ನು ಕೇಳಬೇಕು. "ಬೇಕಾ?" ಎನ್ನಲು ತುಟಿ ಮುಚ್ಚಬೇಕು, ಸೂಜಿ ಚುಚ್ಚುತ್ತದೆ. "ಸಾಕಾ?" ಎನ್ನಲು ತುಟಿಗೆ ಕೆಲಸವೇ ಇಲ್ಲ. ಬೇಕಾದರೆ ಹೇಳಿ ನೋಡಿ. ಆದ್ದರಿಂದ ಉದ್ದಕ್ಕೂ ಸಾಕಾ, ಸಡಿಲಕ್ಕೂ ಸಾಕಾ, ಗಿರಾಕಿಗೆ ಚಹಾ ಬಗ್ಗಿಸುವಾಗಲೂ ಸಾಕಾ. ಸೂಜಿ ಬಾಯಲ್ಲಿ ಇಲ್ಲದಾಗಲೂ ನಾಲಿಗೆ ಅದೇ ದಾರಿ ಹಿಡಿಯುತ್ತಿತ್ತು.

ಮಾಮನ ಮಗಳು ಆಸ್ಪತ್ರೆಯಲ್ಲಿ ನರ್ಸು. ಅವಳ ಪಾಳಿಯ ಹೊತ್ತಿನಲ್ಲಿ ಮೊಮ್ಮಗಳು ಅಂಗಡಿಯಲ್ಲೇ ಬೆಳೆದಳು. ಎರಡು ವರ್ಷದವಳಿದ್ದಾಗ ಒಂದು ಕೋಟಿನ ಗುಂಡಿ ನುಂಗಿ ಇಡೀ ಬೀದಿಯನ್ನು ಅಳಿಸಿ, ಮರುದಿನ ಬೆಳಗ್ಗೆ ಅದನ್ನು ಯಾರಿಗೂ ತೊಂದರೆಯಾಗದಂತೆ ಹಿಂದಿರುಗಿಸಿದ್ದರಿಂದ ಅವಳಿಗೆ ಗುಂಡಿ ಎಂದೇ ಹೆಸರಾಯಿತು. ಆರನೇ ವರ್ಷಕ್ಕೆ ಕಾಯಿ ನಡೆಸಲು ಕಲಿತಳು. ಹತ್ತನೇ ವರ್ಷಕ್ಕೆ ನಮ್ಮನ್ನೆಲ್ಲ ಸೋಲಿಸಿದಳು. ಮೀಸೆ ಹೊತ್ತ ಬ್ಯಾಂಕ್ ಮ್ಯಾನೇಜರು ಒಬ್ಬರು ಅವಳ ಕೈಯಲ್ಲಿ ಹದಿನಾಲ್ಕು ನಡೆಗೆ ಸೋತು, ಬಟ್ಟೆ ಸಿದ್ಧವಾಗಿದ್ದರೂ ತೆಗೆದುಕೊಳ್ಳದೆ ಹೊರಟುಹೋದರು.

ತಾತನೊಬ್ಬನನ್ನು ಮಾತ್ರ ಅವಳು ಸೋಲಿಸಲಿಲ್ಲ. ಅವಳು ಗೆಲ್ಲುತ್ತಿದ್ದೇನೆ ಎಂದುಕೊಂಡಾಗಲೆಲ್ಲ ತಾತ "ಸಾಕಾ?" ಎನ್ನುತ್ತಿದ್ದರು. ಅವಳು ಮುಖ ಊದಿಸಿ "ಸಾಕು" ಎಂದ ಮೇಲೆ, ಮೂರು ನಡೆ ಮುಂದೆ ಅವಳಿಗಾಗಿ ಕಾದಿದ್ದ ಹೊಂಡವನ್ನು ತೋರಿಸುತ್ತಿದ್ದರು. ಹೊಂಡ ನಿಜವಾಗಿ ಇರುತ್ತಿತ್ತು. ಹಾಗಾಗಿ, ತಾತ ಸಾಕು ಎಂದರೆ ತಾನು ಕಾಣದ್ದೇನೋ ಅಲ್ಲಿದೆ ಎಂಬುದು ಅವಳಿಗೆ ಮಗ್ಗಿಯಷ್ಟೇ ಖಚಿತವಾಯಿತು.

ಆ ಅಂಗಡಿ ತಯಾರಿಸಿದ ಇನ್ನೊಬ್ಬ ವೀರವನಿತೆ ಹಲ್ಲು ಡಾಕ್ಟರ ಮಗಳು. ಗುಂಡಿಯ ವಯಸ್ಸಿನವಳೇ. ಅಪ್ಪನ ಎರಡು ಪ್ಯಾಂಟು ತಡವಾದ ಐದು ವಾರಗಳಲ್ಲಿ ಅವಳು ಅಪ್ಪನ ಜೊತೆ ಬಂದು ಕೂತು ಆಟ ಕಲಿತಿದ್ದಳು. ಮೂರನೆಯ ಪ್ಯಾಂಟಿನ ಹೊತ್ತಿಗೆ ಅಪ್ಪನಿಗೇ ಹೇಳಿಕೊಡುವಂತಾಗಿದ್ದಳು.

ಗುಂಡಿಗೆ ಹದಿನಾಲ್ಕು ತುಂಬುವ ಮುಂಚಿನ ಕೊನೆಯ ಪಂದ್ಯಾವಳಿ ಅದು. ಹದಿನಾಲ್ಕರೊಳಗಿನ ಹುಡುಗಿಯರಲ್ಲಿ ಒಬ್ಬಳನ್ನು ಮಾತ್ರ ಮುಂದಿನ ದೊಡ್ಡ ಪಂದ್ಯಕ್ಕೆ ಕಳಿಸುತ್ತಾರೆ. ಐದು ಸುತ್ತು ಮುಗಿದಾಗ ಇಬ್ಬರು ಸಮ ಅಂಕದಲ್ಲಿದ್ದರು: ನಮ್ಮ ಗುಂಡಿ ಮತ್ತು ಹಲ್ಲು ಡಾಕ್ಟರ ಮಗಳು. ಆರನೆಯ ಸುತ್ತಿನಲ್ಲಿ ಇಬ್ಬರೂ ಎದುರು ಬದುರು. ಗೆದ್ದವಳು ಹೋಗುತ್ತಾಳೆ. ಡ್ರಾ ಆದರೆ, ಯಾರು ಹೆಚ್ಚು ಬಲಿಷ್ಠರನ್ನು ಎದುರಿಸಿ ಬಂದರು ಎಂಬ ಲೆಕ್ಕದ ಮೇಲೆ ತೀರ್ಮಾನ. ಅದು ಪಟ್ಟಿ ಹಚ್ಚುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಪಂದ್ಯ ಒಂದು ಶಾಲೆಯ ಸಭಾಂಗಣದಲ್ಲಿ. ಉದ್ದನೆಯ ಮೇಜುಗಳು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನುಗಳು, ಆಟಗಾರರಿಗೂ ಹೆತ್ತವರಿಗೂ ನಡುವೆ ಒಂದು ಹಗ್ಗ. ಹಗ್ಗದ ಈಚೆಯಿಂದ ನೋಡಿದರೆ ಮಕ್ಕಳ ನೆತ್ತಿ ಬಿಟ್ಟು ಬೇರೇನೂ ಕಾಣದು. ಮಾಮನಿಗೆ ಇದನ್ನು ಸಹಿಸಲಾಗಲಿಲ್ಲ. ನೀರು ಕೊಡಲು ಜನ ಸಾಲದು ಎಂದು ವ್ಯವಸ್ಥಾಪಕರು ಕೂಗಿದ್ದೇ ತಡ, ಅರವತ್ತೇಳು ವರ್ಷದ ಈ ಸೇನಾನಿ ಹಗ್ಗದಡಿ ನುಸುಳಿ ಒಂದು ಸ್ಟೀಲ್ ಜಗ್ ವಶಪಡಿಸಿಕೊಂಡರು.

ತೀರ್ಪುಗಾರರು ನಿವೃತ್ತ ಡ್ರಿಲ್ ಮೇಷ್ಟ್ರು. "ಒಳಗೆ ಒಂದು ಮಾತಾಡೋ ಹಾಗಿಲ್ಲ. ಬಾಯಿಗೆ ಗುಂಡಿ ಹಾಕ್ಕೊಳ್ಳಿ" ಎಂದರು.

"ಗುಂಡಿ ಹಾಕೋದೇ ನನ್ನ ಕಸುಬು ಸ್ವಾಮಿ" ಎಂದರು ಮಾಮ.

ಯಾವಾಗ ಹಾಕುತ್ತೀರಿ ಎಂದು ಡ್ರಿಲ್ ಮೇಷ್ಟ್ರು ಕೇಳಲಿಲ್ಲ. ಅವರು ಮಾಮನ ಗಿರಾಕಿಯಾಗಿರಲಿಲ್ಲ.

ಎರಡೂವರೆ ಗಂಟೆ ಯುದ್ಧ ನಡೆಯಿತು. ಮಂತ್ರಿಗಳು ಬಿದ್ದರು, ಕಾಲಾಳುಗಳು ಉದುರಿದರು, ಪಕ್ಕದ ಮೇಜಿನ ಒಬ್ಬಳು ಸೋತು ಅತ್ತು ಅಮ್ಮನ ಕೈಯಲ್ಲಿ ಬಿಸ್ಕತ್ತು ತಿಂದು ನಗುವಷ್ಟು ಕಾಲ ಕಳೆಯಿತು. ಮಾಮ ಬೇರೆ ಮೇಜಿನವರಿಗೆ ಬಾಯಾರಿಕೆಯಾಗುವುದಕ್ಕೂ ಬಿಡದೆ ನೀರು ಕುಡಿಸುತ್ತಾ, ಮೊದಲನೆಯ ಮೇಜಿನ ಸುತ್ತ ಗಿರಕಿ ಹೊಡೆದರು. ಕೊನೆಗೆ ಹಲಗೆ ಬರಿದಾಗುತ್ತ ಬಂತು. ಗುಂಡಿಯ ಕೈಯಲ್ಲಿ ಒಂದು ಆನೆ, ಒಂದು ಒಂಟೆ, ಮತ್ತು ದಡ ಮುಟ್ಟಲು ಎರಡೇ ಹೆಜ್ಜೆ ಬಾಕಿಯಿದ್ದ ಒಂದು ಕಾಲಾಳು. ಆ ಎರಡು ಹೆಜ್ಜೆ ಇಟ್ಟರೆ ಕಾಲಾಳು ಮಂತ್ರಿಯಾಗುತ್ತದೆ, ಆಟ ಮುಗಿಯುತ್ತದೆ. ಎದುರಾಳಿಯ ಆನೆ ಮೂಲೆಯಲ್ಲಿ ಸಿಕ್ಕಿಬಿದ್ದಿತ್ತು, ಕುದುರೆ ಹಲಗೆಯ ಇನ್ನೊಂದು ತುದಿಯಲ್ಲಿ ಮೇಯುತ್ತಿತ್ತು.

ಮಾಮ ಅದನ್ನು ಕಂಡರು. ಇನ್ನೂ ಹತ್ತಿರದಿಂದ ನೋಡಬೇಕಲ್ಲ, ಅದಕ್ಕೊಂದು ನೆಪ ಬೇಕಲ್ಲ? ಗುಂಡಿಯ ಲೋಟ ಅರ್ಧ ಖಾಲಿಯಿತ್ತು. ಹೋಗಿ ಬಗ್ಗಿಸತೊಡಗಿದರು. ಕಣ್ಣು ಹಲಗೆಯ ಮೇಲೆ, ಕೈ ಜಗ್ಗಿನ ಮೇಲೆ. ಲೋಟ ತುಂಬಿತೋ ಇಲ್ಲವೋ ನೋಡಲು ಕಣ್ಣಿಗೆ ಬಿಡುವಿಲ್ಲ. ನಾಲಿಗೆ, ನಲವತ್ತು ವರ್ಷದ ಹಳೆಯ ನೌಕರ, ಯಜಮಾನನ ಅಪ್ಪಣೆಗೆ ಕಾಯದೆ ತನ್ನ ಕೆಲಸ ಮಾಡಿತು.

"ಸಾಕಾ?"

ಗುಂಡಿ ತಲೆಯೆತ್ತಲಿಲ್ಲ. ಕಾಲಾಳಿನ ಕಡೆಗೆ ಚಾಚಿದ್ದ ಅವಳ ಕೈ ಗಾಳಿಯಲ್ಲೇ ನಿಂತಿತು. ಒಂದು ನಿಮಿಷ ಹಲಗೆಯನ್ನು ನೋಡಿದಳು. ಹಣೆ ಗಂಟಿಕ್ಕಿತು. ಆಮೇಲೆ ಆ ಕೈ ಕಾಲಾಳನ್ನು ಬಿಟ್ಟು ಆನೆಯನ್ನು ಹಿಡಿದು ಸುಮ್ಮನೆ ಒಂದು ಮನೆ ಪಕ್ಕಕ್ಕೆ ಸರಿಸಿತು. ಎದುರಿನವಳನ್ನು ನೋಡಿ ಸಣ್ಣ ದನಿಯಲ್ಲಿ ಕೇಳಿದಳು:

"ಸಾಕಾ?"

ಗಡಿಯಾರ ಒತ್ತಿದಳು.

ಹಲ್ಲು ಡಾಕ್ಟರ ಮಗಳು ಬೆಚ್ಚಿಬಿದ್ದಳು. ಸೋಲುವ ಹುಡುಗಿಯ ಬಳಿ ಗೆಲ್ಲುವ ಹುಡುಗಿ ಸಂಧಿ ಕೇಳಿದ್ದು ಯಾವ ಯುದ್ಧದಲ್ಲೂ ಇಲ್ಲ. ಇದರಲ್ಲಿ ಏನೋ ಮೋಸವಿದೆ ಎಂದು ಏಳು ನಿಮಿಷ ಹುಡುಕಿದಳು. ಆ ಏಳು ನಿಮಿಷವೂ ಮಾಮ ಪಕ್ಕದ ಮೇಜಿನ ಲೋಟಕ್ಕೆ ನೀರು ಬಗ್ಗಿಸುತ್ತಲೇ ಇದ್ದರು. ಲೋಟ ತುಂಬಿತು, ಮೇಜು ತುಂಬಿತು, ನಡೆ ಬರೆಯುವ ಹಾಳೆ ತೇಲಿತು. "ಅಂಕಲ್! ಅಂಕಲ್!" ಎಂದು ಆ ಮೇಜಿನವಳು ಕಿರುಚಿದರೂ ಕಿವಿಗೆ ಬೀಳಲಿಲ್ಲ. 'ಅಲ್ಲ ಕಣೇ, ನೀರು' ಎಂದು ಕೂಗಬಹುದಿತ್ತು. ಕೂಗಿದ್ದರೆ ಹೊರಗಿನವರ ನೆರವು ಪಡೆದಳೆಂದು ಆಟವನ್ನೇ ಕಿತ್ತುಕೊಳ್ಳುತ್ತಿದ್ದರು. ಕೇಳಿದ ಡ್ರಾ ಹಿಂದಕ್ಕೆ ಪಡೆಯುವಂತೆಯೂ ಇಲ್ಲ.

"ಸಾಕು" ಎಂದು ಹಲ್ಲು ಡಾಕ್ಟರ ಮಗಳು ಕೈ ಚಾಚಿದಳು.

ಡ್ರಿಲ್ ಮೇಷ್ಟ್ರು ಓಡಿಬಂದರು. "ಏನು ಸಾಕು? ಏನಮ್ಮಾ ಸಾಕು?"

"ಡ್ರಾ ಸರ್" ಎಂದರು ಇಬ್ಬರೂ. ಆ ಅಂಗಡಿಯ ಭಾಷೆ ಅಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

ಅರ್ಧ ಗಂಟೆಯ ಮೇಲೆ ಪಟ್ಟಿ ಹಚ್ಚಿದರು. ಹಲ್ಲು ಡಾಕ್ಟರ ಮಗಳು ಎದುರಿಸಿದವರ ಅಂಕ ಒಂದೂವರೆ ಹೆಚ್ಚಿತ್ತು. ಅವಳು ಹೋಗುವವಳು, ಗುಂಡಿ ಉಳಿಯುವವಳು. ಹಲ್ಲು ಡಾಕ್ಟರು ಮಾಮನ ಕೈ ಹಿಡಿದು ಕುಲುಕಿ, "ಎಲ್ಲ ನಿಮ್ಮ ಅಂಗಡಿಯ ಪುಣ್ಯ" ಎಂದರು. ಮಾಮ ಅಂದು ಮೊದಲ ಬಾರಿಗೆ ಒಬ್ಬ ಗಿರಾಕಿಯ ಕೃತಜ್ಞತೆಯಿಂದ ಮುಖ ತಪ್ಪಿಸಿಕೊಂಡರು.

ಬಸ್ಸಿನಲ್ಲಿ ಗುಂಡಿ ಕಿಟಕಿಯ ಪಕ್ಕ ಕೂತಳು. ಅಳಲಿಲ್ಲ. ಎರಡು ನಿಲ್ದಾಣ ದಾಟಿದ ಮೇಲೆ ಕೇಳಿದಳು.

"ತಾತ, ನಿನಗೆ ಏನು ಕಂಡಿತ್ತು?"

ಇಲ್ಲಿ, ಈ ಕ್ಷಣದಲ್ಲಿ, ನಿಜ ಹೇಳಲು ಒಂದೇ ಪದ ಸಾಕಿತ್ತು: ನೀರು. ಆದರೆ ಆ ಪದ ಎಷ್ಟು ಸಣ್ಣದು ನೋಡಿ. ಒಂದು ಮಗುವಿನ ಒಂದು ವರ್ಷದ ತಯಾರಿ ಅರ್ಧ ಲೋಟ ನೀರಿಗೆ ಹೋಯಿತು ಎಂದು ಅದೇ ಮಗುವಿಗೆ ಹೇಳಬೇಕು. ಅದೂ ಸೀಟು ಸಿಗದೆ ಮೈಮೇಲೆ ಬೀಳುತ್ತಿದ್ದ ಇಪ್ಪತ್ತು ಜನರ ನಡುವೆ. ಮಾಮನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಅವರ ಬಾಯಿಂದ ಏನು ಬರುತ್ತದೆ ಎಂಬುದು ನಮಗೆಲ್ಲ ಗೊತ್ತು.

"ಕುದುರೆ" ಎಂದರು.

"ಕುದುರೆನಾ? ಅದು ಆ ಕಡೆ ಇತ್ತಲ್ವಾ? ಯಾವ ಮನೆಗೆ ಬರ್ತಿತ್ತು?"

"ನಾಳೆ ತೋರಿಸ್ತೀನಿ."

ಮರುದಿನ ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಗುಂಡಿ ಅಂಗಡಿಗೆ ಬಂದು, ಮೇಜಿನ ತುದಿಯ ಹಲಗೆಯ ಮೇಲೆ ಆ ಸ್ಥಿತಿಯನ್ನು ಹಾಗೆಯೇ ಜೋಡಿಸಿದಳು. "ತೋರಿಸು ತಾತ." ತಾತ ಇಸ್ತ್ರಿ ಪೆಟ್ಟಿಗೆ ಕಾಯುತ್ತಿದೆ ಎಂದರು. ಅದರ ಮರುದಿನ ಶಾಲೆಯ ಸಮವಸ್ತ್ರದ ಅರ್ಜೆಂಟು. ಅದರ ಮರುದಿನ ಕನ್ನಡಕ ಮನೆಯಲ್ಲೇ ಉಳಿದಿತ್ತು, ಮೂಗಿನ ಮೇಲೆ ಇದ್ದರೂ. ನಾವು ಗಿರಾಕಿಗಳು ಸ್ಟೂಲುಗಳ ಮೇಲೆ ಕೂತು ನಗುತ್ತಿದ್ದೆವು. "ಬಾಮ್ಮ, ಬಾ, ನೀನೂ ಸಾಲಿಗೆ ಬಾ. ನಾನು ಚಳಿಗಾಲದಿಂದ ಕಾಯ್ತಿದೀನಿ" ಎಂದ ಒಬ್ಬ. ನಮಗೆ ಅದು ತಮಾಷೆಯಾಗಿತ್ತು. ಈಗ ನೆನೆದರೆ ಆ ನಗುವನ್ನು ಎಲ್ಲಿಡುವುದೋ ತಿಳಿಯುವುದಿಲ್ಲ.

ಏಕೆಂದರೆ ಅವಳು ಕುದುರೆಯನ್ನು ಹುಡುಕುತ್ತಿದ್ದಳು. ದಿನವೂ ಬೆಳಗ್ಗೆ ಅರ್ಧ ಗಂಟೆ. ಹೇಗೆ ನೋಡಿದರೂ ಕುದುರೆಗೆ ನಾಲ್ಕು ನೆಗೆತ ಬೇಕು, ಕಾಲಾಳಿಗೆ ಎರಡೇ ಹೆಜ್ಜೆ. ಬೇರೆ ಯಾರಾದರೂ ಆಗಿದ್ದರೆ ತಾತನೇ ತಪ್ಪು ಎಂದು ಎದ್ದು ಹೋಗುತ್ತಿದ್ದರು. ಗುಂಡಿ ಹಾಗೆ ಎಣಿಸಲಿಲ್ಲ. ತಾತನಿಗೆ ಕಂಡದ್ದು ತನಗೆ ಕಾಣುತ್ತಿಲ್ಲ, ಆದ್ದರಿಂದ ತನ್ನ ಕಣ್ಣೇ ಮಂಕು ಎಂದು ತೀರ್ಮಾನಿಸಿದಳು.

ಅದರ ಫಲ ಎರಡನೆಯ ವಾರದಲ್ಲಿ ಕಾಣಿಸಿತು. ಶಾಲೆಯ ಸಣ್ಣದೊಂದು ಪಂದ್ಯದಲ್ಲಿ, ಹಿಂದೆ ಕಣ್ಣುಮುಚ್ಚಿ ಸೋಲಿಸುತ್ತಿದ್ದವರ ಜೊತೆ ಮೂರು ಆಟ ಡ್ರಾ ಮಾಡಿಕೊಂಡು ಬಂದಳು. ಮೂರರಲ್ಲೂ ಗೆಲ್ಲುವ ಹಾದಿಯಲ್ಲಿದ್ದಳು. ಮೂರರಲ್ಲೂ ಡ್ರಾ ಕೇಳಿದ್ದು ಅವಳೇ. ಅದರ ಮುಂದಿನ ವಾರ ಅಂಗಡಿಯಲ್ಲಿ ಬ್ಯಾಂಕ್ ಮ್ಯಾನೇಜರು ಅವಳೆದುರು ಕೂತರು. ಅವರ ಮಂತ್ರಿ ಬಿಟ್ಟಿಯಾಗಿ ಬಿದ್ದಿತ್ತು. ಅವಳು ಅದನ್ನು ಮುಟ್ಟದೆ ಬಹಳ ಹೊತ್ತು ನೋಡಿ, "ಸಾಕಾ?" ಎಂದಳು. ಮ್ಯಾನೇಜರು ಮೀಸೆಯಡಿ ನಕ್ಕು, "ಸಾಕು ಸಾಕು" ಎಂದು, ಹಿಂದೆ ಬಿಟ್ಟುಹೋಗಿದ್ದ ಬಟ್ಟೆಯನ್ನೂ ತೆಗೆದುಕೊಂಡು ಹೋದರು.

ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ಅಜ್ಜಿ, ಅಂದರೆ ಮಾಮನ ಹೆಂಡತಿ, ಅಂಗಡಿ ಖಾಲಿಯಾಗುವುದನ್ನೇ ಕಾದಿದ್ದರು.

"ರೀ, ಆ ಕುದುರೆ ಇದೆಯಾ, ಇಲ್ವಾ?"

ಮಾಮ ಯಂತ್ರವನ್ನು ಇನ್ನೂ ಜೋರಾಗಿ ತುಳಿದರು.

"ಇಲ್ಲ ಅಂತ ನನಗೆ ಗೊತ್ತು. ನಲವತ್ತು ವರ್ಷದಿಂದ ನಿಮ್ಮ ಮುಖ ನೋಡ್ತಿದೀನಿ. ಬಟ್ಟೆಗೆ ನಾಳೆ ಅನ್ನಿ. ಬಟ್ಟೆ ಕಾಯುತ್ತೆ, ಅದಕ್ಕೇನು ಜೀವ ಇದೆಯಾ? ಮಗೂಗೆ ಅನ್ನಬೇಡಿ."

"ಅವಳೇ ಮರೀತಾಳೆ ಅಂದ್ಕೊಂಡೆ ಕಣೇ."

"ನಿಮ್ಮ ಗಿರಾಕಿಗಳಲ್ಲಿ ಒಬ್ಬರಾದ್ರೂ ಮರೆತಿದಾರಾ?"

ಮರುದಿನ, ಪಂದ್ಯ ಮುಗಿದು ಹತ್ತೊಂಬತ್ತನೆಯ ದಿನ, ಗುಂಡಿ ಬಂದು ಕಾಯಿಗಳನ್ನು ಜೋಡಿಸುತ್ತಿದ್ದಾಗ ಮಾಮ ಯಂತ್ರ ನಿಲ್ಲಿಸಿದರು. ಎದ್ದು ಬಂದು ಅವಳೆದುರಿನ ಸ್ಟೂಲಿನಲ್ಲಿ ಕೂತರು. ಹೊತ್ತಿಗೆ ಮುಂಚೆ ಬಂದಿದ್ದ ನಾವಿಬ್ಬರು ಬಾಗಿಲಲ್ಲಿ ನಿಂತಿದ್ದೆವು. ನಮಗೆ ಹೊರಗೆ ಹೋಗಿ ಎನ್ನಲೂ ಅವರಿಗೆ ತೋಚಲಿಲ್ಲ.

"ಕುದುರೆ ಇಲ್ಲ ಕಣೇ ಗುಂಡಿ."

"ಅಂದ್ರೆ?"

"ನಾನು ನಿನ್ನ ಲೋಟಕ್ಕೆ ನೀರು ಹಾಕ್ತಿದ್ದೆ. ನೀರು ಸಾಕಾ ಅಂತ ಕೇಳಿದೆ. ಅಷ್ಟೇ."

"ನೀರಾ?"

"ನೀರು."

ಗುಂಡಿ ಹಲಗೆಯನ್ನು ನೋಡಿದಳು. ಆಮೇಲೆ ಕಾಲಾಳನ್ನು ಹಿಡಿದು ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಹೆಜ್ಜೆ ಇಟ್ಟಳು. ಅದನ್ನು ತೆಗೆದು ಆ ಜಾಗದಲ್ಲಿ ಮಂತ್ರಿಯನ್ನು ನಿಲ್ಲಿಸಿದಳು. ಬಹಳ ನಿಧಾನವಾಗಿ, ಸದ್ದಾಗದಂತೆ.

"ಹಾಗಾದ್ರೆ ನಾನು ನೋಡಿದ್ದೇ ಸರಿ ಇತ್ತು."

"ಸರಿ ಇತ್ತು ಪುಟ್ಟಾ. ಪೂರ್ತಿ ಸರಿ ಇತ್ತು. ನಾನೂ ಅದನ್ನೇ ನೋಡಿದ್ದೆ."

"ಅವತ್ತೇ ಬಸ್ಸಲ್ಲೇ ಹೇಳಬಹುದಿತ್ತಲ್ಲ ತಾತ?" ಅವಳು ಮಂತ್ರಿಯನ್ನು ಹಲಗೆಯಿಂದ ಎತ್ತಿ ಪಕ್ಕಕ್ಕಿಟ್ಟಳು. "ಹೇಳಿದ್ರೆ ನಾನು ನಗ್ತಿದ್ದೆ. ನೀರಿಗೆ ಸೋತೆ ಅಂತ ಎಲ್ಲರಿಗೂ ಹೇಳ್ಕೊಂಡು ನಗ್ತಿದ್ದೆ. ಇಷ್ಟು ದಿನ ನಾನು ದಡ್ಡಿ ಅಂದ್ಕೊಂಡಿದ್ದೆ."

ಮಾಮನ ಕೈ ಮೇಜಿನ ಮೇಲೆ ಸೀಮೆಸುಣ್ಣ ತಡಕಿತು, ಸಿಕ್ಕಿತು, ಬಿಟ್ಟುಬಿಟ್ಟಿತು. ಅವಳು ಕೈಚೀಲ ಹೆಗಲಿಗೇರಿಸಿ ಶಾಲೆಗೆ ಹೋದಳು. ಆ ದಿನ ಮಾಮ ಮಧ್ಯಾಹ್ನದೊಳಗೆ ನಮ್ಮಿಬ್ಬರ ಪ್ಯಾಂಟೂ ಮುಗಿಸಿ ಕೊಟ್ಟರು. ತೆಗೆದುಕೊಳ್ಳಲು ನಮಗೆ ಮನಸ್ಸಾಗಲಿಲ್ಲ, ಆದರೂ ತೆಗೆದುಕೊಂಡೆವು.

ಗುಂಡಿಯ ಆಟ ಹಿಂತಿರುಗಿತು. ಅದರ ಬಗ್ಗೆ ಯಾರೂ ಮರುಗಬೇಕಿಲ್ಲ. ಬ್ಯಾಂಕ್ ಮ್ಯಾನೇಜರನ್ನು ಹನ್ನೊಂದು ನಡೆಗೆ ಮುಗಿಸಿದಳು. ವಯಸ್ಸು ದಾಟಿದ್ದರಿಂದ ಮುಂದಿನ ವರ್ಷ ದೊಡ್ಡವರ ಜೊತೆ ಆಡಬೇಕಾಯಿತು, ಅಲ್ಲೂ ಮೂರನೆಯವಳಾಗಿ ಬಂದಳು. ಆ ಸುದ್ದಿಯನ್ನು ಮಾಮನಿಗೆ ಹೇಳಿದವರು ಹಲ್ಲು ಡಾಕ್ಟರು, ಹೊಸ ಕೋಟಿನ ಅಳತೆ ಕೊಡಲು ಬಂದಾಗ. ಪಂದ್ಯ ಮುಗಿದು ಆಗಲೇ ನಾಲ್ಕು ದಿನವಾಗಿತ್ತು.

ಸಂಜೆ ಗುಂಡಿ ಅಜ್ಜಿಗೆ ದಾರ ಕೊಡಲು ಬಂದಳು. ಮಾಮ ಹಲಗೆಯನ್ನು ಒರೆಸಿ, ಕಾಯಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಕಾದಿದ್ದರು.

"ಮೂರನೆಯವಳಂತೆ! ಕೊನೆಯ ಆಟ ಹೇಗೆ ಗೆದ್ದೆ? ತೋರಿಸು ಬಾ."

"ಅಂಥದ್ದೇನಿಲ್ಲ ತಾತ, ಆಯ್ತು ಹಾಗೇ" ಎಂದು ಗುಂಡಿ ನಕ್ಕಳು. ಒಳ್ಳೆಯ ನಗುವೇ. "ನೀವು ಕೆಲಸ ಮಾಡ್ಕೊಳ್ಳಿ. ಬೆಳಕು ಹೋಗ್ತಿದೆ, ನಿಮ್ಮ ಕಣ್ಣಿಗೆ ಆಯಾಸ ಆಗುತ್ತೆ."

ಸ್ಟೂಲಿನಲ್ಲಿದ್ದ ಹೊಸ ಗಿರಾಕಿಯೊಬ್ಬರು ಮೆಚ್ಚಿ ತಲೆದೂಗಿದರು. "ಏನು ಮರ್ಯಾದೆ ಕಲಿಸಿದೀರಿ ಮಾಮ ಮೊಮ್ಮಗಳಿಗೆ! ನಮ್ಮನೆಯಲ್ಲೂ ಇದಾವೆ, ಅಜ್ಜನನ್ನ ಹೋಗೋ ಬಾರೋ ಅಂತಾವೆ."

ಗುಂಡಿ ಹೋದಳು. ಗಿರಾಕಿಯೂ ಹೋದರು, ಅವರಿಗೆ ಹೇಳಿದ ದಿನ ಶುಕ್ರವಾರ. ಮಾಮ ಈಚೆಗೆ ವಾರದ ಹೆಸರು ಹೇಳುತ್ತಾರೆ, ಅದೇ ದಿನ ಕೊಡುತ್ತಾರೆ, ಹಾಗಾಗಿ ಹಲಗೆಯ ಮುಂದೆ ಕೂರುವವರು ಕಡಿಮೆ.

ಮಾಮ ಹೆಂಡತಿಯ ಕಡೆ ತಿರುಗಿದರು.

"ಅವಳು ನನ್ನ ನೀವು ಅಂತ ಕರೀತಿರಲಿಲ್ಲ, ಅಲ್ವೇನೆ?"

ಅಜ್ಜಿ ಕಾಜಾದಿಂದ ತಲೆಯೆತ್ತಲಿಲ್ಲ.

"ಇಲ್ಲ" ಎಂದರು.